ಅಕ್ಕನ ಮಂದಿ

ಅಕ್ಕನ ಎರಡೂ ಮುಂಗೈಗಳ ಮೇಲೆ ಲಿಂಬೆಮುಳ್ಳಿನ ಗೀರುಗಳಿದ್ದವು. ಹಳೆಯವು ಬೆಳ್ಳಗಾಗಿದ್ದವು, ಹೊಸವು ಕೆಂಪಗೆ ಉರಿಯುತ್ತಿದ್ದವು. ರೊಟ್ಟಿ ಬಡಿಯುವಾಗಲೂ ಆ ಕೈಗಳಿಂದ ಲಿಂಬೆಯ ವಾಸನೆ ಬರುತ್ತಿತ್ತು.

ಇಂಡಿ ತಾಲೂಕಿನ ಹೊರ್ತಿಯ ಹತ್ತಿರ ಆಕೆಯ ತೋಟ. ಅಲ್ಲಿ ಆಕೆಯ ಜೊತೆ ಬಾಳಿದವಳನ್ನು ನಾವು ಸಣ್ಣಕ್ಕ ಅನ್ನುತ್ತಿದ್ದೆವು. ಊರವರು ಇಬ್ಬರನ್ನೂ ಗೆಳತಿಯರೆಂದು ಕರೆದು ಸುಮ್ಮನಾಗಿದ್ದರು. ಅದು ಸಂಸಾರವೇ ಎಂಬುದನ್ನು ಅಕ್ಕ ಮುಚ್ಚಿಡಲಿಲ್ಲ. ಯಾರೂ ಕೇಳಲಿಲ್ಲ, ಅಷ್ಟೇ.

ನಾನು ಮುದ್ದೇಬಿಹಾಳದಲ್ಲಿ ಹೈಸ್ಕೂಲ್ ಮಾಸ್ತರ. ನನ್ನ ಮನಸ್ಸು ಗಂಡಸರ ಕಡೆಗೇ ಎಂಬುದು ಆಗ ನನ್ನೊಬ್ಬನಿಗೇ ಗೊತ್ತಿತ್ತು. ವಿಜಯಪುರದಲ್ಲಿ ಏಡ್ಸ್ ತಿಳಿವಳಿಕೆಯ ಶಿಬಿರವೊಂದು ನಡೆದಾಗ ನಾನು ತಡವರಿಸುತ್ತ ಕೇಳಿದ ಪ್ರಶ್ನೆಯಿಂದ, ಅಲ್ಲಿಗೆ ಬಂದಿದ್ದ, ಆವರೆಗೆ ಗುರುತೇ ಇಲ್ಲದ ಅಕ್ಕನಿಗೆ ತಿಳಿದುಹೋಯಿತು. ಚಹಾದ ಹೊತ್ತಿಗೆ ಹತ್ತಿರ ಬಂದಳು.

"ತಮ್ಮಾ, ಎಳ್ಳಮಾಸಿಗೆ ನಮ್ಮ ಹೊಲಕ್ಕ ಬಾ. ನಿನ್ನಂಥಾವ್ರು ಇನ್ನೂ ನಾಕ್ ಮಂದಿ ಬರ್ತಾರ."

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯನ್ನು ಚರಗವೆಂದು ಚೆಲ್ಲಿ ಉಣ್ಣುತ್ತಾರೆ. ಅಂದು ಯಾರ ಹೊಲದಲ್ಲಿ ಯಾರು ಕೂತರೂ ಅನುಮಾನವಿಲ್ಲ. ಒಟ್ಟಿಗೆ ಸೇರಲು ಜಾಗವಿಲ್ಲದ ನಮಗಾಗಿ ಅಕ್ಕ ಆರಿಸಿದ್ದು ಆ ದಿನವನ್ನು. ಮೋರಟಗಿಯ ಒಬ್ಬ ರೈತ, ಬಸವನ ಬಾಗೇವಾಡಿಯ ಒಬ್ಬಳು ನರ್ಸ್, ಇಂಡಿ ಪೇಟೆಯ ಇಬ್ಬರು ಹುಡುಗರು, ನಾನು. ನಮ್ಮ ಸಂಘದ ಮೊದಲ ಸಭೆ ಅದು.

ಸಜ್ಜೆ ರೊಟ್ಟಿ ಮುರಿದಿದ್ದೆವು. ಪಕ್ಕದ ಹೊಲದ ಗೌಡರು ಬದು ದಾಟಿ ಬಂದರು.

"ಏನ್ ತಂಗೆವ್ವ, ಯಾರ ಮಂದಿ ಇವ್ರು?"



"ನಮ್ಮ ಮಂದಿರಿ ಗೌಡ್ರ."

"ಎಲ್ಲಾ ಬರೇ ಗಂಡಸ್ರ ಅದಾರಲ್ಲ?"

"ಮತ್ತ ನಾವು ಮೂರು ಮಂದಿ ಹೆಣ್ಮಕ್ಕಳು ಲಿಂಬಿ ಗಿಡ ಏನ್ರಿ? ಕೂಡ್ರಿ, ಉಣ್ರಿ."

ಗೌಡರು ನಕ್ಕರು, ಕೂತು ಉಂಡರು. ಸಂಘಕ್ಕೆ ಏನು ಹೆಸರಿಡಬೇಕೆಂದು ಆಮೇಲೆ ಯಾರೂ ಚರ್ಚಿಸಲಿಲ್ಲ. 'ನಮ್ಮ ಮಂದಿ' ಎಂದೇ ಉಳಿಯಿತು.

ಮೋರಟಗಿಯವನಿಗೆ ಬಲವಂತದ ಮದುವೆ ಗೊತ್ತಾದಾಗ ಅಕ್ಕ ಅವನ ತಾಯಿಯ ಮುಂದೆ ಹೋಗಿ ಕೂತಳು. ಒಂದು ಚೀಲ ಲಿಂಬೆ ಒಯ್ದಿದ್ದಳು. "ಬರಿಗೈಲೆ ಹೋದ್ರ ಜಗಳಕ್ಕ ಬಂದಾಳ ಅಂತಾರ" ಎಂದಿದ್ದಳು ನನಗೆ. ಇಡೀ ಮಧ್ಯಾಹ್ನ ಇಬ್ಬರೂ ಉಪ್ಪಿನಕಾಯಿಗೆ ಹಣ್ಣು ಹೆಚ್ಚಿದರು. ಏನು ಮಾತಾಡಿದರೋ ತಿಳಿಯದು. ಮದುವೆ ನಿಂತಿತು.

ನಾನು ಮಾತ್ರ ಪ್ರತಿ ಸಲ ಅದನ್ನೇ ಕೇಳುತ್ತಿದ್ದೆ. "ಮಂದಿ ಏನಂತಾರಕ್ಕಾ?"

"ಮಂದಿ ಅಂದ್ರ ಯಾರೋ? ನಾವೇನ್ ಮಂದಿ ಅಲ್ಲೇನು?"



ನಮ್ಮಂಥವರ ಪ್ರೀತಿ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು ಹೇಳಿದ ದಿನ ಫೋನಿನಲ್ಲಿ ಅತ್ತುಬಿಟ್ಟೆ. ಅಕ್ಕ ಚೀಲ ಹೊಲಿಯುತ್ತಿದ್ದಳು. "ಚೊಲೋ ಆತು. ಇಷ್ಟು ದಿನ ನಾ ಕಳ್ಳಿ ಇದ್ದೆ ಅನ್ನೂದ ಗೊತ್ತಿರಲಿಲ್ಲ ನೋಡು" ಎಂದಳು. ಹಿಂದೆ ಸಣ್ಣಕ್ಕ ನಕ್ಕದ್ದು ಕೇಳಿಸಿತು.

ಹೋದ ವರ್ಷ ಅಕ್ಕ ತೋಟದಲ್ಲೇ ಕುಸಿದು ತೀರಿಕೊಂಡಳು. ಸುದ್ದಿ ತಿಳಿದು ನಾವು ಹೊರಟಾಗ ಹೊತ್ತು ಇಳಿದಿತ್ತು. ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ, ಸಣ್ಣಕ್ಕ ಹೇಳಿದ್ದು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕೆಂದು ಅಕ್ಕನ ಅಣ್ಣನ ಮಗ ಅವಸರ ಮಾಡಿದನಂತೆ. ಮುಪ್ಪಾದ ಗೌಡರು ಕೋಲೂರಿ ಎದ್ದು ನಿಂತರಂತೆ.

"ತಡೀರಿ. ಅಕಿ ಮಂದಿ ಬರೂದೈತಿ."

"ನಾವಲ್ಲೇನ್ರಿ ಅಕಿ ಮಂದಿ?"

"ನೀವೂ ಹೌದು. ಅವ್ರೂ ಹೌದು."

ನಾವು ಬಂದು ಮುಟ್ಟುವ ತನಕ ಹೆಣ ಎತ್ತಲಿಲ್ಲ.

ಕುಣಿಯ ಸುತ್ತ ಬಂಧುಗಳು ಒತ್ತಾಗಿ ನಿಂತಿದ್ದರು. ನಾನು ಹಿಂದೆ ಉಳಿದಿದ್ದೆ. ಒಬ್ಬ ಹಿರಿಯ ತಿರುಗಿ ನೋಡಿದ.

"ನೀ ಯಾರ ಪೈಕಿಪಾ?"

ಎಲ್ಲರೂ ನನ್ನತ್ತ ನೋಡಿದರು.

"ನಾ ಅಕ್ಕನ ಮಂದಿರಿ" ಅಂದೆ.

ಆತ ಸರಿದು ದಾರಿ ಬಿಟ್ಟ. ಸಣ್ಣಕ್ಕ ಬಾಗಿ, ನನ್ನ ಕೈಗೆ ಒಂದು ಹಿಡಿ ಮಣ್ಣು ಕೊಟ್ಟಳು.