ಬೆಂದ ಬೀಜ ಮತ್ತು ಅಕ್ಕನ ಕುರಿಗಳು

ನಮ್ಮೂರ ನಾಟಿ ಗಿಡಗಳ ಸಂಘಕ್ಕೆ ನನ್ನನ್ನು ಅಧ್ಯಕ್ಷನನ್ನಾಗಿ ಆರಿಸಿದ್ದು ಗಿಡಗಳ ಬಗ್ಗೆ ನನಗಿದ್ದ ತಿಳಿವಳಿಕೆಯಿಂದಲ್ಲ. ಮೊರಪ್ಪೂರು ಸ್ಟೇಷನ್ನಿನಲ್ಲಿ ಬಹಳ ವರ್ಷ ಟಿಕೆಟ್ ಕೊಟ್ಟು ನಿವೃತ್ತನಾಗಿ ಊರಿಗೆ ಬಂದಿದ್ದ ನನ್ನ ಬಳಿ ಒಂದು ಶಾಯಿ ಪೆನ್ನೂ, ಯಾರ ಅವಸರಕ್ಕೂ ಜಗ್ಗದ ಕೈಬರಹವೂ ಇದ್ದವು. ಸಂಘವೊಂದಕ್ಕೆ ಇದಕ್ಕಿಂತ ಹೆಚ್ಚಿನ ಅರ್ಹತೆ ಬೇಕೆಂದು ಯಾರಿಗೂ ತೋರಲಿಲ್ಲ, ನನಗಂತೂ ತೋರಲೇ ಇಲ್ಲ.

ಊರು ನಲ್ಲಂಪಳ್ಳಿಯಿಂದ ಒಂದು ಬಸ್ಸಿನ ದೂರ. ಮನೆಯಲ್ಲಿ ಕನ್ನಡ, ಮನೆಯಾಚೆ ತಮಿಳು, ಎರಡೂ ಕಡೆ ಒಂದೇ ಸಮ ಕುರಿಗಳು. ಕೆರೆಯ ಕೆಳಗೆ ಸರ್ಕಾರದ ಬಯಲೊಂದಿದೆ. ಅದರ ಒಂದು ಅಂಚಿನಲ್ಲಿ ಒಂದು ಮುದಿ ಬಿಳಿಜಾಲಿ ಮರ. ನಮ್ಮ ತಂದೆಯ ಕಾಲದಲ್ಲಿ ಆ ಜಾತಿಯ ಮರ ಹೊಲಕ್ಕೊಂದರಂತೆ ಇದ್ದವಂತೆ. ಈಗ ಬಯಲೆಲ್ಲ ಸೀಮೆಜಾಲಿ. ಉಳಿದ ಈ ಒಂದರಲ್ಲೂ ಅರ್ಧ ಕೊಂಬೆ ಒಣಗಿ, ಮರ ತನ್ನ ಕೊನೆಯ ವರ್ಷಗಳನ್ನು ಸಾವಕಾಶವಾಗಿ ಎಣಿಸುತ್ತಿತ್ತು. ಅದರ ವಂಶ ಉಳಿಸಬೇಕೆಂದು ಧರ್ಮಪುರಿಯಿಂದ ಭಾನುವಾರ ಭಾನುವಾರ ಬರುವ ಸಸ್ಯಶಾಸ್ತ್ರದ ಟೀಚರಮ್ಮ ಹೇಳಿದರು. ಹೇಳಿದ್ದನ್ನು ನಾವು ಸರ್ವಾನುಮತದಿಂದ ಒಪ್ಪಿದೆವು, ಯಾಕೆಂದರೆ ಅಂದು ಬಂದವರೇ ಮೂವರು.

ಸೀಮೆಜಾಲಿ ಕಿತ್ತು, ಬಯಲಿಗೆ ಬೇಲಿ ಹಾಕಿ, ಒಳಗೆ ತಂಗಡಿ, ಕಾರೆ, ಬನ್ನಿ ಎಂದು ಒಂದಷ್ಟು ನಾಟಿ ಗಿಡ ನೆಟ್ಟೆವು. ಫೆಬ್ರವರಿ ನಡುವಿಗೆ ತಮಿಳರ ಮಾಸಿ ತಿಂಗಳು ಕಾಲಿಟ್ಟಿತು, ಬೇವು ಚಿಗುರಿತು, ಬಿಳಿಜಾಲಿಯ ಕಾಯಿ ಬಲಿತು ಉದುರಲು ಶುರುವಾಯಿತು. ಆಗ ನಾನು ರಿಜಿಸ್ಟರಿನಲ್ಲಿ, ತಮಿಳಿನಲ್ಲಿ, ನನ್ನ ಅತ್ಯುತ್ತಮ ಅಕ್ಷರದಲ್ಲಿ ನಿರ್ಣಯ ಬರೆದೆ: ನೂರು ಚೀಲದಲ್ಲಿ ಬಿಳಿಜಾಲಿ ಸಸಿ ಏಳುವ ತನಕ ಯಾವ ಕುರಿಯೂ ಬೇಲಿಯ ಒಳಗೆ ಬರತಕ್ಕದ್ದಲ್ಲ. ಸಸಿ ಎದ್ದ ದಿನ ಗೇಟು ತೆರೆಯತಕ್ಕದ್ದು. ಕೆಳಗೆ ಸಹಿ, ಅದರ ಕೆಳಗೆ ಒಂದು ಗೆರೆ. ಅದನ್ನೇ ಒಂದು ಹಲಗೆಗೆ ಬರೆದು ಗೇಟಿಗೆ ಕಟ್ಟಿದ್ದಾಯಿತು.

ಆ ಮರದ ಕೆಳಗೆ ಮಧ್ಯಾಹ್ನಕ್ಕೆ ಕುರಿ ತರುತ್ತಿದ್ದವಳು ಊರಲ್ಲಿ ಒಬ್ಬಳೇ. ನನ್ನ ಅಕ್ಕ.

ಮಾರನೆಯ ದಿನ ಅವಳು ಬಂದದ್ದು ಮನೆಗಲ್ಲ, ಜಗಲಿಗೆ. ಕೋಪ ಬಂದಾಗ ಅಕ್ಕ ಹೊಸ್ತಿಲು ದಾಟುವುದಿಲ್ಲ.

"ಯಾಕ್ಲಾ, ನೀನು ಗಿಡಕ್ಕೆ ಪ್ರೆಸಿಡೆಂಟಾ, ನನಗೆ ಪ್ರೆಸಿಡೆಂಟಾ?"

"ಸಂಘದ ತೀರ್ಮಾನ ಅಕ್ಕಾ."

"ತೀರ್ಮಾನ ಕುಡುದ್ರೆ ಮರಿಗೆ ಒಟ್ಟೆ ತುಂಬ್ತದಾ? ಈದಿರೋ ಕುರಿ ಒಂಬತ್ತು ಅವೆ. ಉಲ್ಲು ಎಲ್ಲೈತೆ ತೋರ್ಸು. ಮುಂದಿನ ತಿಂಗಳು ಪಂಗುನಿ ಮುಗಿಯಗಂಟ ಆ ಕಾಯಿ ತಿಂದ್ರೇನೆ ಕೆಚ್ಚಲಿಗೆ ಆಲು ಇಳಿಯೋದು."

"ಸ್ವಲ್ಪ ದಿನ. ಸಸಿ ಎದ್ದ ತಕ್ಷಣ..."

"ಸರಿ ಪಾ. ನಿನ್ನ ಸಸಿ ಎದ್ದೇಳಲಿ. ನನ್ನ ಮರಿ ಬಿದ್ಕೊಳ್ಳಲಿ."

ಹೇಳಿ ಹೋದಳು. ನಾನು ಹುಟ್ಟಿದ್ದೂ ಕುರಿ ಮನೆಯಲ್ಲೇ ಆದ್ದರಿಂದ ಅವಳ ಮಾತಿನಲ್ಲಿ ಸತ್ಯವಿದೆಯೆಂದು ನನಗೆ ಗೊತ್ತಿತ್ತು. ಆದರೆ ಸಹಿ ಹಾಕಿ ಗೆರೆ ಎಳೆದಾಗಿತ್ತು.

ನಾವು ಕಾಯಿ ಆಯ್ದೆವು, ಒಣಗಿಸಿದೆವು, ಬಡಿದೆವು, ಕೇರಿದೆವು. ಕೊನೆಗೆ ಎರಡು ಸೇರಿನಷ್ಟು ಬೀಜ ನನ್ನ ಮನೆ ಸೇರಿತು. ಬಿಳಿಜಾಲಿ ಬೀಜದ ಸಿಪ್ಪೆ ಗಟ್ಟಿ, ಸುಮ್ಮನೆ ಬಿತ್ತಿದರೆ ಮೊಳೆಯುವುದಿಲ್ಲ. ಕುದಿಸಿ ಇಳಿಸಿದ ನೀರಿಗೆ ಹಾಕಿ ರಾತ್ರಿ ಬಿಟ್ಟು ಬೆಳಿಗ್ಗೆ ಬಿತ್ತಬೇಕೆಂದು ಟೀಚರಮ್ಮ ಹೇಳಿಕೊಟ್ಟಿದ್ದರು. ನಾನು ಆ ಆದೇಶವನ್ನು, ಅಧ್ಯಕ್ಷರು ಮಾಡುವಂತೆಯೇ, ಕೆಳಗಿನವರಿಗೆ ದಾಟಿಸಿದೆ. ಎಂದರೆ ಹೆಂಡತಿಗೆ. "ಬಿಸಿನೀರಲ್ಲಿ ರಾತ್ರಿಯೆಲ್ಲ ಇರಲಿ" ಎಂದೆ. ಬೆಳಿಗ್ಗೆ ನೂರು ಚೀಲಕ್ಕೆ ಮಣ್ಣು ತುಂಬಿ, ಚೆನ್ನಾಗಿ ನೆನೆದಿವೆಯೆಂದುಕೊಂಡು ಚೀಲಕ್ಕೆರಡು ಬೀಜ ಹಾಕಿದೆವು; ಟೀಚರಮ್ಮ ಫೋಟೋ ತೆಗೆದರು. ಮಿಕ್ಕದ್ದನ್ನು ಮಡಿಯಲ್ಲಿ ಚೆಲ್ಲಿದೆವು.

ಹತ್ತು ದಿನ ನೀರು ಹಾಕಿದೆವು. ಚೀಲಗಳಲ್ಲಿ ಹುಲ್ಲು ಹುಟ್ಟಿತು. ಒಂದರಲ್ಲಿ ಟೊಮ್ಯಾಟೊ ಗಿಡವೊಂದು ತಾನಾಗಿ ಬಂದು ಸಂಘದ ಸದಸ್ಯತ್ವ ಪಡೆಯಿತು. ಬಿಳಿಜಾಲಿಯ ಸುಳಿವಿಲ್ಲ.

ಹನ್ನೊಂದನೆಯ ಬೆಳಿಗ್ಗೆ ನಾನೊಬ್ಬನೇ ಹೋಗಿ ಒಂದು ಚೀಲ ಕೆದಕಿ ಬೀಜ ತೆಗೆದೆ. ಎರಡು ಬೆರಳಿನ ನಡುವೆ ಒತ್ತಿದರೆ ಅದು ಮೆತ್ತಗೆ ಪಿಸುಕಿಕೊಂಡು ಹಿಟ್ಟಾಯಿತು. ಇಂಥ ಕಾಳನ್ನು ನಾನು ಬಲ್ಲೆ. ಅರವತ್ತು ವರ್ಷ ಮುದ್ದೆಯ ಜೊತೆ ತಿಂದಿದ್ದೇನೆ.

ಮನೆಗೆ ಬಂದು ವಿಚಾರಣೆ ನಡೆಸಿದೆ.

"ನೀವೇ ತಾನೆ ಏಳಿದ್ದು, ಬಿಸಿನೀರಲ್ಲಿ ಇರ್ಲಿ ಅಂತ?" ಎಂದಳು ಹೆಂಡತಿ. "ಬಿಸಿ ಆರ್ಬಾರ್ದು ಅಂತ ಮಡಕೆ ಕೆಂಡದ ಮೇಲೆ ಮಡಗ್ದೆ. ಉಳ್ಳಿಕಾಳಿಗೂ ಅಂಗೇ ತಾನೆ ಮಡಗೋದು?"

"ಇದು ಹುರುಳಿಯಲ್ಲ, ಬಿತ್ತನೆ ಬೀಜ!"

"ಅದುಕ್ಕೇ ಉಪ್ಪು ಆಕ್ಲಿಲ್ಲ."

ರಾತ್ರಿ ಕೆಂಡದ ಮೇಲಿಟ್ಟ ಮಡಕೆಯಲ್ಲಿ ಹುರುಳಿ ತಾನೇ ಬೇಯುವುದು ನಮ್ಮ ಮನೆಗಳ ಹಳೆಯ ಪದ್ಧತಿ. ಬೆಳಿಗ್ಗೆ ಎದ್ದರೆ ಸಾರು ಅರ್ಧ ತಯಾರು. ನಮ್ಮೂರಿನ ಕೊನೆಯ ಬಿಳಿಜಾಲಿಯ ಸಂತಾನವೂ ಅದೇ ಪದ್ಧತಿಯಲ್ಲಿ ನೆಮ್ಮದಿಯಾಗಿ ಬೆಂದಿತ್ತು. ನಾನು ವಿಷಯವನ್ನು ಎರಡು ದಿನ ಗೋಪ್ಯವಾಗಿಟ್ಟೆ. ಗೋಪ್ಯವಾಗಿಟ್ಟೆ ಎಂದರೆ, ದಿನವೂ ಹೋಗಿ ಬೆಂದ ಬೀಜಕ್ಕೆ ನೀರು ಹಾಕಿದೆ.

ಮೂರನೆಯ ದಿನ ಬೇಲಿಯ ಆಚೆ ಅಕ್ಕ ನಿಂತಿದ್ದಳು. ಹಿಂದೆ ಕುರಿಗಳು. ಅವಳ ಕೈಯಲ್ಲಿ ಉದ್ದನೆಯ ದೋಟಿ. ಬೇಲಿಯಿಂದ ಹೊರಗೆ ಚಾಚಿದ್ದ ಒಂದೇ ಒಂದು ಕೊಂಬೆಯನ್ನು ಅದರಿಂದ ಅಲುಗಿಸುತ್ತಿದ್ದಳು. ಬಿದ್ದದ್ದು ನಾಲ್ಕು ಕಾಯಿ.

"ಅಕ್ಕಾ, ನಿರ್ಣಯ..."

"ಒಳಗೆ ಬರ್ಬಾರ್ದು ಅಂತ ತಾನೆ ಬರ್ದಿದ್ದೆ? ನನ್ನ ಕುರಿ ಒಳಗೆ ಬಂದಿಲ್ಲ. ಕಾಯೇ ಈಚೆಗೆ ಬರ್ತಾವೆ, ನಾನೇನು ಮಾಡ್ಲಿ? ಇಷ್ಟು ದಿನ ಇಂಗೇ ಓಡ್ಸ್‌ದೆ. ಈ ಕೊಂಬೇನೂ ಬರಿದಾಯ್ತು." ದೋಟಿ ಊರಿ ನಿಂತಳು. "ಎರಡು ಮರಿ ಏಳಾಕೇ ಆಗ್ದಂಗೆ ಬಿದ್ದವೆ. ಸಸಿ ಯಾವಾಗ್ಲಾ ಏಳೋದು?"

ಕಾನೂನಿನ ಪ್ರಕಾರ ಅವಳ ವಾದದಲ್ಲಿ ಲೋಪವಿರಲಿಲ್ಲ. ಬೀಜ ಬೆಂದ ಕಥೆ ಹೇಳಿದೆ.

ಅಕ್ಕ ನಕ್ಕಳು. ದೋಟಿ ಹಿಡಿದುಕೊಂಡೇ ಕುಕ್ಕುರುಗಾಲಲ್ಲಿ ಕೂತು ನಕ್ಕಳು. ಒಂದು ಕುರಿ ಬಂದು ಅವಳ ಮುಖ ನೋಡಿ ಹೋಯಿತು.

"ಕುರಿಯೋರ ಮನೇಲಿ ಉಟ್ಟಿ, ಜಾಲಿ ಬೀಜ ಎಂಗೆ ಮೊಳೀತೈತೆ ಅಂತ ಪಟ್ಟಣದೋರನ್ನ ಕೇಳ್ದಾ? ನನ್ನ ರೊಪ್ಪಕ್ಕೆ ಬಾ."

ರೊಪ್ಪದ, ಎಂದರೆ ಅವಳ ಕುರಿ ದೊಡ್ಡಿಯ, ಮೂಲೆಯಲ್ಲಿ ಆ ವಾರಗಳ ಹಿಕ್ಕೆಯನ್ನೆಲ್ಲ ಗುಡಿಸಿ ಗುಡ್ಡೆ ಹಾಕಿದ್ದಳು. ಕೋಲಿನಿಂದ ಕೆದಕಿದಳು. ಹಿಕ್ಕೆಯ ನಡುವೆ, ಕುರಿಗಳು ಮೆಲುಕು ಹಾಕುವಾಗ ಉಗಿದದ್ದೂ ಹೊಟ್ಟೆಯಿಂದ ಇಳಿದದ್ದೂ ಸೇರಿ, ಬೀಜವೋ ಬೀಜ. ನೀರು ಚೆಲ್ಲುವ ಅಂಚಿನಲ್ಲಿ ಆಗಲೇ ಏಳೆಂಟು ಸಣ್ಣ ಸಸಿ, ಎರಡೆಲೆ ಬಿಚ್ಚಿಕೊಂಡು. ಪ್ರತಿ ವರ್ಷ ಮಂದೆ ನಿಲ್ಲಿಸಿದ ರಾಗಿ ಹೊಲದಲ್ಲೆಲ್ಲ ಇದು ಹುಟ್ಟುತ್ತದೆ, ಅವಳು ಬಯ್ದುಕೊಂಡು ಕೀಳುತ್ತಾಳೆ. ನಮ್ಮ ತಾಯಿಯೂ ಕೀಳುತ್ತಿದ್ದಳು. ಸಣ್ಣವನಿದ್ದಾಗ ನಾನೂ ಕಿತ್ತಿದ್ದೇನೆ. ಟಿಕೆಟ್ ಕೊಡುತ್ತ ಅದನ್ನು ಹೇಗೆ ಮರೆತೆನೋ ತಿಳಿಯದು.

"ಚೀಲಗಟ್ಟಲೆ ತಗಂಡೋಗು," ಎಂದಳು. "ಗೇಟು ಮಾತ್ರ ನಾಳೇನೇ ತೆಗೀಬೇಕು. ಸಸಿ ಎದ್ದ ಮೇಲೆ ಅಂದ್ರೆ ಕಾಯಿ ಮುಗ್ದೋಯ್ತದೆ, ನನ್ನ ಮರೀನೂ ಮುಗ್ದೋಯ್ತವೆ."

ಮಾರನೆಯ ದಿನ ಭಾನುವಾರ. ಮರದ ಕೆಳಗೆ ತುರ್ತು ಸಭೆ. ಟೀಚರಮ್ಮ ಬೇಲಿಯೊಳಗೆ ಬಿದ್ದಿದ್ದ ಹಳೆಯ ಕಾಯಿಗಳನ್ನು ಬಿಡಿಸಿ ನೋಡಿದರು. ಬಹಳಷ್ಟು ಬೀಜಕ್ಕೆ ಹುಳು ತೂತು ಕೊರೆದಿತ್ತು. ಕುರಿಗಳನ್ನು ಹೊರಗಿಟ್ಟು ನಾವು ಕಾಪಾಡಿದ್ದು ಹುಳುಗಳನ್ನು. ಅವರು ಅಕ್ಕನನ್ನು ಬಹಳ ಹೊತ್ತು ಕೇಳಿದರು, ಏನೇನೋ ಬರೆದುಕೊಂಡರು. ಬಳಿಕ ತಮಿಳಿನಲ್ಲಿ ನನಗೆ, "ಐಯಾ, ಇವರನ್ನು ಮೊದಲೇ ಯಾಕೆ ಕರೆಯಲಿಲ್ಲ?" ಎಂದರು. ಆ ಪ್ರಶ್ನೆಯನ್ನು ನಾನು ರಿಜಿಸ್ಟರಿಗೆ ಸೇರಿಸಲಿಲ್ಲ.

ವಿರೋಧಿಸಿದವರು ಸಂಘದ ಮೂರನೆಯ ಸದಸ್ಯರು, ಹಿಂದೆ ಊರ ತಲೆಯಾರಿಯಾಗಿದ್ದ ಹಿರಿಯರು. "ಗೇಟು ತೆಗೆದ್ರೆ ಕುರಿ ಕಾಯಿಗೆ ನಿಲ್ತಾವಾ? ನೆಟ್ಟಿರೋ ಗಿಡಾನೆಲ್ಲಾ ಮೊಟಕ್ತಾವೆ. ಬನ್ನಿ ಗಿಡ ಉಳ್ಕೊತದಾ, ಏಳಮ್ಮ?" ಎಂದು ಅಕ್ಕನನ್ನು ಕೇಳಿದರು.

ಮಾತು ನ್ಯಾಯವಾಗಿತ್ತು. ಅಕ್ಕನೂ ಅಲ್ಲವೆನ್ನಲಿಲ್ಲ.

"ಎಷ್ಟು ಗಿಡ ಐತೆ ಮಾಮಾ?"

"ಅರವತ್ತರ ಮೇಲೈತೆ."

"ಮುಳ್ಳು ನಾನು ಕಟ್ತೀನಿ. ಒಂದು ಗಿಡ ಓದ್ರೂ ಕುರಿ ಈಚೆ ಒಡ್ಕೊಂಡು ಓಗ್ತೀನಿ. ನೀನೇ ನಿಂತು ಎಣಿಸ್ಕೋ."

ಸೀಮೆಜಾಲಿ ಕಿತ್ತ ಮುಳ್ಳು ಬಯಲಂಚಿನಲ್ಲಿ ರಾಶಿ ಬಿದ್ದಿತ್ತು; ಅದನ್ನು ಎಲ್ಲಿ ಸಾಗಿಸುವುದೆಂದು ಸಂಘ ಎರಡು ಸಭೆ ಚರ್ಚಿಸಿತ್ತು. ಅಕ್ಕ ಸೀರೆ ಎತ್ತಿ ಕಟ್ಟಿ, ಕವೆಗೋಲಿನಿಂದ ಮುಳ್ಳು ಎಳೆದು ತಂದು, ಒಂದೊಂದು ಗಿಡಕ್ಕೂ ಸುತ್ತ ಕಟ್ಟುತ್ತ ಹೋದಳು. ಮುಳ್ಳಿನ ಬುಡ ಒಳಕ್ಕೆ, ತುದಿ ಹೊರಕ್ಕೆ ಹೆಣೆದು, ಮೇಲೊಂದು ಕಲ್ಲು. ಟೀಚರಮ್ಮ ಕಲ್ಲು ಹೊತ್ತರು. ನಾನು ಮುಳ್ಳು ಮುಟ್ಟಿದೆ, ಅದು ನನ್ನನ್ನು ಮುಟ್ಟಿತು, ಬಳಿಕ ಬರೆಯುವ ಕೆಲಸಕ್ಕೆ ಮರಳಿದೆ. ಹೊತ್ತು ಇಳಿಯುವಷ್ಟರಲ್ಲಿ ತಲೆಯಾರಿ ಮಾವ ಅರವತ್ಮೂರು ಎಣಿಸಿ, ಇನ್ನೊಮ್ಮೆ ಎಣಿಸಿ, ತಲೆಯಾಡಿಸಿದರು.

"ಬರ್ದಿಯಾ?" ಎಂದಳು ಅಕ್ಕ.

"ಬರೆದೆ."

"ಓದು. ತಮಿಳಲ್ಲಿ ಬ್ಯಾಡ, ನಮ್ಮ ಮಾತಲ್ಲೇ ಓದು. ಆಮೇಲೆ ಇದ್ರಲ್ಲೊಂದು ಅದ್ರಲ್ಲೊಂದು ಇರ್ಬಾರ್ದು."

ನಮ್ಮ ಮಾತಿನಲ್ಲಿ ನಿರ್ಣಯವೆನ್ನುವುದನ್ನು ಯಾರೂ ಯಾವತ್ತೂ ಓದಿದ್ದಿಲ್ಲ. ನಾನು ಕನ್ನಡ ಅಕ್ಷರ ಕಲಿತದ್ದೇ ಕೆಲಸದ ಮೊದಲ ವರ್ಷಗಳಲ್ಲಿ, ಬೆಂಗಳೂರು ಕಡೆಯ ಸ್ಟೇಷನ್ ಬೋರ್ಡುಗಳಿಂದ. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದೆ: "ಕಾಯಿ ಉದ್ರೋ ಕಾಲ್ದಲ್ಲಿ ಅಕ್ಕನ ಕುರಿ ಒಳಗೆ ಬರ್ಬೋದು. ಗಿಡದ ಮುಳ್ಳು ಅಕ್ಕಂದೇ ಜವಾಬ್ದಾರಿ. ಇಕ್ಕೆ ಸಂಘಕ್ಕೆ."

"ಇಕ್ಕೇಲಿ ಅರ್ಧ," ಎಂದಳು ಅಕ್ಕ. "ನನಗೂ ಒಲ ಐತೆ."

ತಿದ್ದಿ ಬರೆದೆ. ಅವಳು ಹೆಬ್ಬೆಟ್ಟು ಒತ್ತಿದಳು, ಮುಳ್ಳು ತಾಗಿ ರಕ್ತ ಬಂದಿದ್ದ ಬೆರಳೇ, ಹೀಗಾಗಿ ಶಾಯಿ ಹೆಚ್ಚು ಬೇಕಾಗಲಿಲ್ಲ. ನಾನು ಗೇಟಿನ ಹಲಗೆ ಬಿಚ್ಚಿದೆ.

ಹೊರಗೆ ಕಾದಿದ್ದ ಕುರಿಗಳು ನುಗ್ಗಿದವು. ಗಿಡಗಳ ಕಡೆ ಒಂದೂ ನೋಡಲಿಲ್ಲ ಎಂದರೆ ಸುಳ್ಳಾದೀತು. ಎರಡು ಮೂರು ಮೂಗು ಚಾಚಿ, ಮುಳ್ಳು ಚುಚ್ಚಿಸಿಕೊಂಡು, ಮರದ ಬುಡಕ್ಕೆ ಓಡಿದವು. ಒಣಗಿದ ಕಾಯಿ ಹಲ್ಲಿಗೆ ಸಿಕ್ಕು ಕಟಕಟ ಎನ್ನುವ ಸದ್ದು ಬಯಲೆಲ್ಲ ಕೇಳಿಸಿತು. ಅಕ್ಕ ಏಳಲಾರದ ಮರಿಗಳೆರಡನ್ನೂ ಸೀರೆಯ ಮಡಿಲಲ್ಲಿ ಹೊತ್ತು ತಂದು ಅವುಗಳ ತಾಯಂದಿರ ಬಳಿ ಬಿಟ್ಟಳು. ಒಂದು ಆಗಲೇ ಕೆಚ್ಚಲಿಗೆ ಬಾಯಿ ಹಾಕಿತು. ಇನ್ನೊಂದು ಎದ್ದು ನಿಲ್ಲಲು ನಾಲ್ಕು ದಿನ ಬೇಕಾಯಿತು.