ಒಂದು ತಿರುಪು ಹೆಚ್ಚಾಗಿತ್ತು

ಮೊನ್ನೆ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಬಾಬಿನ್ ಹುಡುಕುತ್ತಿದ್ದಾಗ ಹಿತ್ತಾಳೆಯ ಒಂದು ಗಿಡ್ಡ ತಿರುಪು ಕೈಗೆ ಸಿಕ್ಕಿತು. ಕಂಪ್ಯೂಟರಿನ ಮದರ್‌ಬೋರ್ಡು ಕ್ಯಾಬಿನೆಟ್ಟಿನ ತಗಡಿಗೆ ತಾಗದಂತೆ ತುಸು ಎತ್ತಿ ಹಿಡಿಯುವಂಥದ್ದು. ಕಡಲೆಕಾಳಿಗಿಂತ ದೊಡ್ಡದಲ್ಲ. ಅದನ್ನು ಅಂಗೈಯಲ್ಲಿ ಇಟ್ಟುಕೊಂಡಾಗ ಪಕ್ಕದ ಮನೆಯಲ್ಲಿದ್ದ ವೈರ್‌ಮನ್ ಮಾವ ನೆನಪಾದರು.

ನಾವು ಅರಸೀಕೆರೆಗೆ ಬಂದು ಆಗ ಎರಡು ವರ್ಷವಾಗಿತ್ತು. ನನ್ನವರು ಹಳೇಬೀಡಿನ ಶಾಲೆಯೊಂದರಲ್ಲಿ ಮೇಷ್ಟ್ರು. ಬೆಳಗಿನ ಬಸ್ಸಿಗೆ ಹೋದರೆ ಬರುವುದು ಸಂಜೆಯೇ. ಮಗಳು ಹುಟ್ಟಿದ ಮೇಲೆ ನಾನು ಕೆಲಸ ಬಿಟ್ಟಿದ್ದೆ. ಮನೆಯಲ್ಲೇ ಕೂತು ಪುಸ್ತಕಗಳ ಪುಟ ಜೋಡಿಸುವ ಕೆಲಸ ಮಾಡಬೇಕೆಂಬ ಆಸೆ. ಅವರ ಶಾಲೆಯ ಸ್ಮರಣ ಸಂಚಿಕೆಯನ್ನು ನಾನೇ ಮಾಡಿಕೊಡುತ್ತೇನೆಂದು ಒಪ್ಪಿಕೊಂಡೂ ಬಿಟ್ಟಿದ್ದೆ. ಆಮೇಲೆ ಹಾಸನದ ಅಂಗಡಿಯೊಂದರಿಂದ ಬಿಡಿಭಾಗ ತಂದು, ಫೋನಿನಲ್ಲಿ ವಿಡಿಯೋ ನೋಡುತ್ತ ಕಂಪ್ಯೂಟರನ್ನು ಸ್ವತಃ ಜೋಡಿಸಿದೆ.

ಗುಂಡಿ ಒತ್ತಿದೆ. ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದರೂ ಅಷ್ಟೇ. ಮೂರು ದಿನ ಕೇಬಲ್ಲುಗಳನ್ನು ಕಿತ್ತು ಹಾಕಿ ನೋಡಿ, ಕೊನೆಗೆ ಅಂಗಡಿಯವರಿಗೆ ಫೋನ್ ಮಾಡಿದೆ.

"ಕನೆಕ್ಷನ್ ಎಲ್ಲ ಇನ್ನೊಂದ್ಸಲ ನೋಡಿ ಮೇಡಂ," ಎಂದರು ಆತ.

"ಕೆಟ್ಟ ಬೋರ್ಡು ಕೊಟ್ಟು ನಂಗೆ ಬುದ್ಧಿ ಹೇಳ್ತೀರಾ? ಹೆಂಗಸು, ಏನು ದಾಟಿಸಿದ್ರೂ ಗೊತ್ತಾಗಲ್ಲ ಅಂದ್ಕೊಂಡ್ರಾ?"

ನಾನು ಫೋನ್ ಇಟ್ಟೆ.

ಕಿಟಕಿ ತೆರೆದಿತ್ತು. ನನ್ನ ದನಿ ಪಕ್ಕದ ಮನೆಗೆ ಕೇಳಿಸಿರಬೇಕು. ಸ್ವಲ್ಪ ಹೊತ್ತಿಗೆ ಮಾವ ಟೆಸ್ಟರ್ ಹಿಡಿದುಕೊಂಡು ಬಂದರು. ಕೊಬ್ಬರಿ ಎಣ್ಣೆ ಮಿಲ್ಲೊಂದರಲ್ಲಿ ವೈರ್‌ಮನ್ ಆಗಿದ್ದು ವಯಸ್ಸಾಯಿತೆಂದು ಬಿಟ್ಟವರು. ಬೀದಿಯಲ್ಲಿ ಯಾರ ಮನೆಯ ಮೋಟರು ಕೆಟ್ಟರೂ ಅವರೇ ಬೇಕು.

"ಕಂಪ್ಯೂಟರ್ ನಂಗೆ ಗೊತ್ತಿಲ್ಲ ಕಣಮ್ಮ, ಕರೆಂಟು ಗೊತ್ತು. ಇಲ್ಲೀಗಂಟ ಏನೇನು ಬದಲಾಯಿಸ್ದೆ?"

ಎಲ್ಲವನ್ನೂ ಒಟ್ಟಿಗೇ ಕೆದಕಿದ್ದೆ.

ಅವರು ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು ಹಿಂಬದಿ ನನ್ನ ಮುಂದಿಟ್ಟರು. "ಒಂದು ಸಲಕ್ಕೆ ಒಂದೇ. ಬದಲಾಯಿಸಿದ್ದು ಬರಿ, ಆಗಿದ್ದು ಬರಿ."

ಹಾರ್ಡ್ ಡಿಸ್ಕ್ ತೆಗೆದೆವು. ಅದೇ ಅರ್ಧ ಸುತ್ತು. ಮೆಮೊರಿಯನ್ನು ಪಕ್ಕದ ಸಂದಿಗೆ ಹಾಕಿದೆವು, ಅದೇ. ಅವರ ಮನೆಯ ಪ್ಲಗ್ಗಿಗೆ ಕೊಟ್ಟು ನೋಡಿದೆವು, ಅದೇ. ದಿನವೂ ತಿಂಡಿ ಮುಗಿಸಿ ಬರುವರು, ಹಾಳೆಯಲ್ಲಿ ಎರಡು ಸಾಲು ಬರೆಸಿ ಹೋಗುವರು. ನಾಲ್ಕನೆಯ ದಿನ ಬೋರ್ಡನ್ನೇ ಹೊರತೆಗೆದು, ಅದು ಬಂದ ರಟ್ಟಿನ ಡಬ್ಬದ ಮೇಲೆ ಇಟ್ಟೆವು. ವಿಡಿಯೋದಲ್ಲಿ ತೋರಿಸಿದಂತೆ, ಗುಂಡಿ ಒತ್ತುವ ಬದಲು, ಸ್ಕ್ರೂಡ್ರೈವರ್ ತುದಿಯಿಂದ ಎರಡು ಪಿನ್ನು ಮುಟ್ಟಿಸಿದೆ. ಫ್ಯಾನು ತಿರುಗಿತು, ನಿಲ್ಲಲಿಲ್ಲ. ಪರದೆಯ ಮೇಲೆ ಬಿಳಿ ಅಕ್ಷರ ಬಂತು.

"ಹೊರಗೆ ಓಡ್ತೈತೆ, ಒಳಗೆ ನಿಲ್ತೈತೆ," ಎಂದರು ಮಾವ. "ಬೋರ್ಡಿಗೇನೂ ಆಗಿಲ್ಲ. ತಗಡು ನೋಡು."

ಟಾರ್ಚ್ ಹಾಕಿ ಎಣಿಸಿದೆ. ಬೋರ್ಡಿನಲ್ಲಿದ್ದ ತೂತು ಒಂಬತ್ತು. ತಗಡಿಗೆ ನಾನು ಕೂರಿಸಿದ್ದ ಹಿತ್ತಾಳೆ ತಿರುಪು ಹತ್ತು. ಹತ್ತನೆಯದು ಬೋರ್ಡಿನ ಬೆನ್ನಿಗೆ ಒತ್ತಿಕೊಂಡು ಶಾರ್ಟ್ ಆಗುತ್ತಿತ್ತು. ಅದನ್ನು ಬಿಚ್ಚಿ ಮತ್ತೆ ಜೋಡಿಸಿದೆ, ಕಂಪ್ಯೂಟರ್ ಓಡಿತು.

ನಾನು ಕಾಫಿಗಿಡಲು ಎದ್ದೆ. ಮಾವ ಕೂತಲ್ಲಿಂದಲೇ ಹೇಳಿದರು. "ಮೊದ್ಲು ಆ ಅಂಗಡಿಯೋರಿಗೆ ಫೋನ್ ಮಾಡು."

"ನಾಳೆ ಮಾಡ್ತೀನಿ ಮಾವ."

"ನಾಳೆ ಆಗಲ್ಲ ಕಣಮ್ಮ. ನಂಗೆ ಆಗ್ಲಿಲ್ಲ."

ಆಗ ಹೇಳಿದರು. ಮಿಲ್ಲಿನ ದೊಡ್ಡ ಮೋಟರು ಒಮ್ಮೆ ಸುಟ್ಟುಹೋಗಿತ್ತು. ಸಾಹುಕಾರರು ಬಂದು ಕೇಳಿದಾಗ ಮಾವ, ಮೋಟರು ಓಡಿಸುತ್ತಿದ್ದ ಹಾರನಹಳ್ಳಿಯವನ ಕಡೆ ಬೆರಳು ತೋರಿಸಿದ್ದರು. ಅವನು ಮಿತಿಮೀರಿ ಕೊಬ್ಬರಿ ತುಂಬಿದ ಎಂದು. ಅವನನ್ನು ಅಂದೇ ಕೆಲಸದಿಂದ ತೆಗೆದರು. ಮರುದಿನ ಮೋಟರು ಬಿಚ್ಚಿದಾಗ, ತಾವೇ ಬಿಗಿದಿದ್ದ ಒಂದು ವೈರಿನ ತುದಿ ಸಡಿಲವಾಗಿದ್ದುದು ಕಂಡಿತು.

"ಆವತ್ತೇ ಹೇಳ್ಬೇಕಿತ್ತು. ನಾಳೆ ಹೇಳಾನ ಅಂದ್ಕಂಡೆ…" ಎಂದು ಟೆಸ್ಟರನ್ನು ಜೇಬಿಗೆ ಹಾಕಿಕೊಂಡರು.

ನಾನು ಅವರೆದುರೇ ಹಾಸನಕ್ಕೆ ಫೋನ್ ಮಾಡಿದೆ. ತಪ್ಪು ನನ್ನದೇ, ಒಂದು ತಿರುಪು ಹೆಚ್ಚು ಹಾಕಿದ್ದೆ ಎಂದೆ. ಅಂಗಡಿಯವರು ಹೆಚ್ಚೇನೂ ಅನ್ನಲಿಲ್ಲ. "ಓಡ್ತಾ ಇದೆಯಲ್ಲ ಮೇಡಂ, ಬಿಡಿ," ಎಂದರು.

ಸ್ಮರಣ ಸಂಚಿಕೆಯ ಪುಟಗಳು ಅರ್ಧವಾಗಿದ್ದಾಗ ಒಂದು ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಹಾರನಹಳ್ಳಿಯವನಿಗೆ ಒಂದು ಕಾಗದ ಟೈಪ್ ಮಾಡಿಕೊಡಬೇಕಿತ್ತು. ಕೈಯಲ್ಲೇ ಬರೆಯಬಹುದಲ್ಲ ಎಂದೆ.

"ಮಿಲ್ಲಿನ ಹಾಜರಿ ಬುಕ್ಕಲ್ಲಿ ನನ್ನ ಅಕ್ಷರ ನೋಡವ್ನೆ. ಗುರುತು ಸಿಕ್ಕಿದ್ರೆ ಓದ್ದೆ ಹರೀತಾನೆ."

ಅವರು ಹೇಳಿದರು, ನಾನು ಟೈಪ್ ಮಾಡಿದೆ. ನಾಲ್ಕೇ ಸಾಲು. ಬಸ್ ಸ್ಟ್ಯಾಂಡ್ ಹತ್ತಿರ ಪ್ರಿಂಟ್ ತೆಗೆಸಿಕೊಟ್ಟೆ. ಅಂಚೆಗೆ ಹಾಕುವೆನೆಂದಿದ್ದವರು ಮನಸ್ಸು ಬದಲಿಸಿ ತಾವೇ ಟೆಂಪೋ ಹತ್ತಿ ಹಾರನಹಳ್ಳಿಗೆ ಹೋದರು. ಮಧ್ಯಾಹ್ನ ವಾಪಸು ಬಂದು ನಮ್ಮ ಜಗುಲಿಯ ಮೇಲೆ ಕೂತರು.

"ಸಿಕ್ಕಿದ್ರಾ ಮಾವ?"

"ಸಿಕ್ಕಿದ. ಓದ್ದ. ಮಗಳ ಕೈಲಿ ಇನ್ನೊಂದ್ಸಲ ಓದಿಸ್ಕಂಡ."

"ಏನಂದ್ರು?"

"ಉಣ್ಣಕ್ಕೆ ಏಳು ಅಂದ, ಅಷ್ಟೇಯ. ತಟ್ಟೆ ಮುಂದೆ ಕೂತೆ. ತುತ್ತು ಇಳೀಲಿಲ್ಲ… ಎದ್ದು ಬಂದ್ಬುಟ್ಟೆ."

ಆಮೇಲೆ ಆ ವಿಷಯ ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಮರುವರ್ಷ ಎದೆನೋವು ಎಂದವರು ಆಸ್ಪತ್ರೆ ಸೇರುವ ಮುಂಚೆಯೇ ಹೋಗಿಬಿಟ್ಟರು. ಮಣ್ಣಿಗೆ ಬಂದವರಲ್ಲಿ ತೆಳ್ಳಗಿನ ಮುದುಕರೊಬ್ಬರು ಗೇಟಿನ ಹತ್ತಿರವೇ ನಿಂತಿದ್ದರು. ಕುರ್ಚಿ ತಂದು ಹಾಕಿದೆ. ಕೂರಲಿಲ್ಲ.

"ಆ ಕಾಗ್ದ ಮಾಡ್ಕೊಟ್ಟೋರು ನೀವೇನಾ?" ಎಂದರು.

ಹೌದೆಂದೆ.

"ಆವತ್ತು ತಟ್ಟೆ ಬಿಟ್ಟು ಎದ್ದೋದ. ಇನ್ನೊಂದಿನ ಕರೆದು ಉಣ್ಣಿಸಾನ ಅಂತಿದ್ದೆ. ನಂಗೂ ಸಿಟ್ಟು ಇಳೀಬೇಕಿತ್ತಲ್ಲ…"

ಅಷ್ಟು ಹೇಳಿ ಒಳಗೆ ಹೋಗಿ, ಮಾವನ ಕಾಲ ಬಳಿ ತುಂಬ ಹೊತ್ತು ಕೂತಿದ್ದರು.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಹಾರನಹಳ್ಳಿಯ ಹಿರಿಯರೂ ತೀರಿಕೊಂಡರೆಂದು ಕೇಳಿದೆ. ನಾನು ಅಂದಿನಿಂದ ಎಷ್ಟೋ ಪುಸ್ತಕಗಳ ಪುಟ ಜೋಡಿಸಿದ್ದೇನೆ; ಎಲ್ಲದರ ಪ್ರತಿಯೂ ನನ್ನ ಬಳಿ ಇದೆ. ಆ ಕಾಗದವೊಂದೇ ಇಲ್ಲ. ಪ್ರಿಂಟ್ ಆದ ಕೂಡಲೇ ಅಳಿಸಿಬಿಡು ಎಂದಿದ್ದರು ಮಾವ, ಅಳಿಸಿದ್ದೆ. ಅದರ ನಾಲ್ಕು ಸಾಲುಗಳಲ್ಲಿ ಮೂರು ನನಗೆ ನೆನಪಿವೆ. ಕೊನೆಯದು ಎಷ್ಟು ಯೋಚಿಸಿದರೂ ಬರುತ್ತಿಲ್ಲ. ಕೇಳೋಣವೆಂದರೆ ಇಬ್ಬರೂ ಇಲ್ಲ.