ಮೂರು ಪರದೆಗೆ ನಾನು ಕೊಟ್ಟ ತೀರ್ಪು

ಕಂಪ್ಯೂಟರಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಆದರೂ ಒಂದು ತೀರ್ಪು ಕೊಟ್ಟುಬಿಟ್ಟೆ. ಎಸ್ಸೆಸ್ಸೆಲ್ಸಿ ಓದಿದ ಮುದುಕ, ಮೇಲಾಗಿ ಮನೆಯ ಯಜಮಾನ. ಕೇಳಿದರೆ ಸುಮ್ಮನಿರುವುದು ಹೇಗೆ?

ಸೊಸೆ ಗಿರಿಜಾ ಬಿಳಿಗೆರೆಯ ನಮ್ಮ ಮನೆಯಲ್ಲೇ ಕೂತು ತಿಪಟೂರಿನ ಪ್ರೆಸ್ಸೊಂದಕ್ಕೆ ಲಗ್ನಪತ್ರಿಕೆ ಜೋಡಿಸಿಕೊಡುತ್ತಾಳೆ. ಮುಂದೆ ಮೂರು ಪರದೆ. ಮೌಸಿನ ಬಾಣದ ಗುರುತು ಒಂದರ ಅಂಚು ದಾಟಿ ಇನ್ನೊಂದಕ್ಕೆ ನುಸುಳಿದ್ದನ್ನು ಮೊದಲ ಸಲ ಕಂಡಾಗ, ನಡುವಿನ ಸಂದಿಗೆ ಬೆರಳು ಹಾಕಿ ನೋಡಿದ್ದೆ. ಏನೂ ತಗುಲಲಿಲ್ಲ. ಈಗಲೂ ನನಗದು ಸೋಜಿಗವೇ.

ಆದರೆ ಕರೆಂಟು ಹೋಗಿ ಬಂದರೆ ಅವಳು ತೆರೆದಿಟ್ಟ ಕಿಟಕಿಗಳೆಲ್ಲ (ಅವಳ ಮಾತಲ್ಲಿ ವಿಂಡೋ) ಒಂದೇ ಪರದೆಗೆ ಬಂದು ಗುಡ್ಡೆ ಬೀಳುತ್ತಿದ್ದವು. ಅವನ್ನು ಹದ್ದುಬಸ್ತಿನಲ್ಲಿಡಲು ಎರಡು ಸಾಫ್ಟ್‌ವೇರ್ ಹುಡುಕಿದ್ದಳು. ಒಂದು, ಚೂರೂ ಜಾಗ ಬಿಡದೆ ತಾನೇ ಎಲ್ಲವನ್ನೂ ಹಂಚಿಡುತ್ತದೆ. ಇನ್ನೊಂದರಲ್ಲಿ ಯಾವುದು ಎಲ್ಲಿ, ಎಷ್ಟಗಲ ಎಂದು ನಾವೇ ಗೆರೆ ಎಳೆಯಬೇಕು.

"ಯಾವುದು ಹಾಕ್ಲಿ ಮಾವ?"

ಅಟ್ಟದ ಮೇಲೆ ಅಂಗೈಯಗಲ ಜಾಗ ಬಿಡದೆ ಕಾಯಿ ಜೋಡಿಸಿ ಕೊಬ್ಬರಿ ಮಾಡಿದ ಕೈ ನನ್ನದು. "ಮೊದಲನೇದೇ ಕಣಮ್ಮ. ಜಾಗ ಯಾಕೆ ದಂಡ ಮಾಡ್ತೀಯ?" ಎಂದೆ. ಮಾವ ಹೇಳಿದರಲ್ಲ ಎಂದು ಅವಳು ಅದನ್ನೇ ಹಾಕಿದಳು.

ಗಿರಾಕಿಗಳ ಮೆಸೇಜು ಬಂದಂತೆಲ್ಲ ಹೊಸ ಕಿಟಕಿ ತೆರೆಯಿತು; ಪತ್ರಿಕೆಯ ಕಿಟಕಿ ಕುಗ್ಗಿ ಕುಗ್ಗಿ ರಿಬ್ಬನ್ನಿನಷ್ಟಾಯಿತು. ಅದರಲ್ಲೇ ಕಣ್ಣು ಕಿರಿದು ಮಾಡಿಕೊಂಡು ಕೆಲಸ ಮಾಡಿದಳು. ಒಂದು ಪತ್ರಿಕೆಯಲ್ಲಿ ಶೆಟ್ಟಿಕೆರೆಯ ಹೆಣ್ಣಿನ ಹೆಸರಿನ ಎದುರಿಗೆ ಕಿಬ್ಬನಹಳ್ಳಿಯ ಬೇರೊಂದು ಮದುವೆಯ ಗಂಡು ಬಂದು ಕೂತ. ಅಚ್ಚಿಗೆ ಮೊದಲು ನೋಡಲು ಕಳಿಸಿದ ಪ್ರತಿಯು ಹೆಣ್ಣಿನ ತಂದೆಯ ಕೈಸೇರಿತು.

"ಏನಮ್ಮಾ, ನಾವು ಗೊತ್ತು ಮಾಡಿರೋ ಗಂಡು ನಿಂಗೆ ಹಿಡಿಸ್ಲಿಲ್ವಾ?" ಎಂದು ಆತ ಫೋನಿನಲ್ಲಿ ಕೂಗಿದ್ದು ಜಗುಲಿಗೂ ಕೇಳಿಸಿತು. ಇನ್ನೊಂದು ಸಲ ಹೀಗಾದರೆ ಕೆಲಸ ಬೇರೆಯವರಿಗೆ ಎಂದರು ಪ್ರೆಸ್ಸಿನವರು. ಗಿರಿಜಾ ನನ್ನ ಹೆಸರೆತ್ತಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಅಟ್ಟದ ಕಾಯಿ ವರ್ಷವಿಡೀ ಅಲುಗದೆ ಕೂತಿರುತ್ತದೆ. ಅವಳಿಗೆ ಗಳಿಗೆಗೊಂದು ಹೊಸ ಕಿಟಕಿ; ಜಾಗ ಬಿಡದಿದ್ದರೆ ಇದ್ದದ್ದು ಕುಗ್ಗಲೇಬೇಕು. ಇಷ್ಟು ತಿಳಿಯದೆ ಬಾಯಿ ಹಾಕಿದ್ದೆ. "ತಪ್ಪು ನಂದು ಕಣಮ್ಮ. ನಿಂಗೆ ಸರಿ ಕಂಡಿದ್ದು ಹಾಕು" ಎಂದೆ.

ಅವಳು ಎರಡನೆಯದನ್ನು ಹಾಕಿ, ಗೆರೆ ಎಳೆದು, ಕೀಲಿ ಒತ್ತಿದಳು. ಚೆದುರಿದ್ದ ಕಿಟಕಿಗಳೆಲ್ಲ ಮೂರು ಪರದೆಗೂ ಹಾರಿ ತಂತಮ್ಮ ಜಾಗದಲ್ಲಿ ನಿಂತವು. ನನಗರಿವಿಲ್ಲದೆ ಕೈ ಮುಗಿದಿದ್ದೆ. ತಿದ್ದಿದ ಪತ್ರಿಕೆ ಹೋಯಿತು. ಶೆಟ್ಟಿಕೆರೆಯಾತ ನಕ್ಕು ಮದುವೆಗೆ ಕರೆದ.

ಮೊನ್ನೆ ಮತ್ತೆ ಕೇಳಿದಳು: "ಮಾವ, ಈ ಪರದೆ ಎಡಕ್ಕಿಡ್ಲಾ, ಬಲಕ್ಕಾ?"

ನಾಲಿಗೆ ಎದ್ದೇಬಿಟ್ಟಿತ್ತು. ತಡೆದುಕೊಂಡೆ. "ನಂಗೊತ್ತಿಲ್ಲ ಕಣಮ್ಮ. ತಿರುಗೋ ಕತ್ತು ನಿಂದಲ್ವೇನಮ್ಮ, ಅದನ್ನೇ ಕೇಳು."

ಅಡುಗೆಮನೆಯಿಂದ ನನ್ನವಳು ಸೌಟು ಹಿಡಿದೇ ಓಡಿ ಬಂದಳು. "ಗೊತ್ತಿಲ್ಲ ಅನ್ನೋ ಮಾತು ನಿಮ್ ಬಾಯಿಂದ ಬಂತೇನ್ರೀ?"

ಮೂರು ಪರದೆ ಕಂಡು ನಾನು ಕೂಡ ಅವಳಷ್ಟು ಬೆರಗಾಗಿರಲಿಲ್ಲ.